‘ಪರಿಶುದ್ಧ’ ಅಂತ ಬರೆದರೆ ಯಾಕೆ ಯಾರೂ ಕೊಳ್ಳುವುದಿಲ್ಲ?

ಪ್ರಶ್ನೆ: ನಾವು ಚಳ್ಳಕೆರೆ ಹತ್ತಿರದವರು. ನಾನು, ನನ್ನ ಹೆಂಡತಿ ಸೇರಿ ಮರದ ಗಾಣದಲ್ಲಿ ಕಡಲೆಕಾಯಿ ಎಣ್ಣೆ ಮಾಡಿ ಮಾರುತ್ತೇವೆ. ಬೆಂಗಳೂರಿಗೂ ಕಳಿಸುತ್ತೇವೆ. ವಾಟ್ಸಾಪ್, ಇನ್‌ಸ್ಟಾಗ್ರಾಮ್‌ನಲ್ಲಿ ‘ಪರಿಶುದ್ಧ, ಸಾಂಪ್ರದಾಯಿಕ, 100% ನೈಸರ್ಗಿಕ, ಅತ್ಯುತ್ತಮ ಗುಣಮಟ್ಟ, ನಿಮ್ಮ ಕುಟುಂಬದ ಆರೋಗ್ಯಕ್ಕಾಗಿ ಇಂದೇ ಖರೀದಿಸಿ’ ಎಂದು ಹಾಕುತ್ತೇವೆ. ನೋಡುವವರು ತುಂಬಾ ಜನ, ಕೇಳುವವರು ಕಮ್ಮಿ. ಮನಸ್ಸಿಗೆ ತಟ್ಟುವ ಪದ ಹಾಕಬೇಕು, ‘ರಿಫೈನ್ಡ್ ಎಣ್ಣೆ ವಿಷ’, ‘ಎಚ್ಚರ’, ‘ಕೊನೆಯ ಅವಕಾಶ’ ಅಂತೆಲ್ಲ ಬರೀಬೇಕು ಎಂದು ಸ್ನೇಹಿತರೊಬ್ಬರು ಹೇಳಿದರು. ಅಂಥ ಪದಗಳ ಪಟ್ಟಿ ಕೊಡುತ್ತೀರಾ?

ಉತ್ತರ: ಪಟ್ಟಿ ಬೇಕಿದ್ದರೆ ಈಗಲೇ ಬರೆದುಕೊಡಬಹುದು. ಆದರೆ ಅದರಿಂದ ನಿಮ್ಮ ಒಂದು ಲೀಟರ್ ಎಣ್ಣೆಯೂ ಜಾಸ್ತಿ ಹೋಗುವುದಿಲ್ಲ. ಈಗ ನೀವು ಬರೆಯುತ್ತಿರುವುದೂ ಒಂದು ಪಟ್ಟಿಯೇ ಅಲ್ವಾ? ಪರಿಶುದ್ಧ, ಸಾಂಪ್ರದಾಯಿಕ, ನೈಸರ್ಗಿಕ, ಅತ್ಯುತ್ತಮ. ಅಂಗಡಿಯಲ್ಲಿ ಸಾಲಾಗಿ ಇಟ್ಟಿರುವ ಯಾವ ಪ್ಯಾಕೆಟ್ ತಿರುಗಿಸಿದರೂ ಇವೇ ಇವೆ. ಕಲಬೆರಕೆ ಮಾಡುವವನಂತೂ ಇವನ್ನೇ ಇನ್ನೂ ದಪ್ಪ ಅಕ್ಷರದಲ್ಲಿ ಹಾಕುತ್ತಾನೆ. ಹಾಗಾಗಿ ಓದುವವರ ಕಣ್ಣು ಆ ಸಾಲನ್ನು ದಾಟಿಕೊಂಡು ಸೀದಾ ರೇಟಿನ ಮೇಲೆ ಹೋಗಿ ಕೂರುತ್ತದೆ. ಅಲ್ಲಿಗೆ ಮುಗಿಯಿತು.

ನಿಮ್ಮ ಸ್ನೇಹಿತರ ಮಾತಿನಲ್ಲಿ ಅರ್ಧ ಸರಿ ಇದೆ. ಮಾರಾಟದ ಬರವಣಿಗೆ ಮನಸ್ಸಿಗೆ ತಟ್ಟಲೇಬೇಕು. ಯಾರೂ ಲೆಕ್ಕ ಹಾಕಿ, ತೂಗಿ ನೋಡಿ ಎಣ್ಣೆ ಬದಲಾಯಿಸುವುದಿಲ್ಲ. ಆದರೆ ಯಾವ ಪದ ಹಾಕಬೇಕು ಎಂದು ಹುಡುಕುವ ಮೊದಲು, ಓದುವವರ ಮನಸ್ಸಿನಲ್ಲಿ ಆ ಹೊತ್ತಿಗೆ ಏನು ಓಡುತ್ತಿದೆ ಎಂದು ನೋಡಬೇಕು. ಆ ಕೆಲಸ ಮಾಡದೆ ಪದ ಹುಡುಕಿದರೆ ಎಷ್ಟೇ ಜೋರಾದ ಪದ ಸಿಕ್ಕರೂ ಸುಮ್ನೆ ಸದ್ದು ಮಾಡುತ್ತದೆ, ಅಷ್ಟೇ.

ಬೆಂಗಳೂರಿನಲ್ಲಿ ಒಬ್ಬರು ರಾತ್ರಿ ಊಟ ಮುಗಿಸಿ ಮೊಬೈಲ್ ನೋಡುತ್ತಿದ್ದಾರೆ ಅಂದುಕೊಳ್ಳಿ. ನಿಮ್ಮ ಪೋಸ್ಟ್ ಬಂತು. ರೇಟು ನೋಡಿದರು. ಅಂಗಡಿಯ ಪ್ಯಾಕೆಟ್ ಎಣ್ಣೆಗಿಂತ ತುಂಬಾ ಜಾಸ್ತಿ. ಈಗ ಅವರಿಗೆ ಏನನ್ನಿಸುತ್ತದೆ? ‘ನನಗೆ ಆರೋಗ್ಯ ಬೇಕು’ ಅಂತ ಅನ್ನಿಸುವುದಿಲ್ಲ. ಇದು ನಿಜವಾಗಲೂ ಗಾಣದ್ದೇನಾ? ಬೇರೆ ಎಣ್ಣೆ ಬೆರೆಸಿದ್ದರೆ ನನಗೆ ಹೇಗೆ ಗೊತ್ತಾಗುತ್ತದೆ? ದಾರಿಯಲ್ಲಿ ಸೋರಿ ಅರ್ಧ ಡಬ್ಬಿ ಬಂದರೆ ಯಾರನ್ನು ಕೇಳಲಿ? ಮನೆಯವರು ‘ಇಷ್ಟು ದುಡ್ಡು ಕೊಟ್ಟು ಇದನ್ನ ತರಿಸಿದ್ಯಾ’ ಅಂದರೆ ಏನು ಹೇಳಲಿ? ಒಂದೇ ಮಾತಲ್ಲಿ ಹೇಳಬೇಕೆಂದರೆ, ಮೋಸ ಹೋದೇನು ಎಂಬ ಅಂಜಿಕೆ. ಹೆಸರಿಲ್ಲದ ಸಣ್ಣ ಮಾರಾಟಗಾರರ ವಿಷಯದಲ್ಲಿ ಆಸೆಗಿಂತ ಈ ಅಂಜಿಕೆಯೇ ದೊಡ್ಡದು. ಆ ಅಂಜಿಕೆ ಇರುವವರ ಎದುರು ನಿಂತು ‘ಪರಿಶುದ್ಧ’ ಎಂದರೆ ಅನುಮಾನ ಹೆಚ್ಚಾಗುತ್ತದೆಯೇ ಹೊರತು ಕಮ್ಮಿಯಾಗುವುದಿಲ್ಲ.

ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವರ್ಸ್ಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1979ರಲ್ಲಿ ಒಂದು ವಿಚಾರ ಮುಂದಿಟ್ಟರು. ನೂರು ರೂಪಾಯಿ ಸಿಕ್ಕಾಗ ಆಗುವ ಖುಷಿಗಿಂತ ನೂರು ರೂಪಾಯಿ ಕಳೆದುಕೊಂಡಾಗ ಆಗುವ ಸಂಕಟ ದೊಡ್ಡದು ಎಂಬುದು ಅದರ ಒಂದು ಮುಖ್ಯ ಅಂಶ. ಜಾಹೀರಾತು ಕಲಿಸುವವರೆಲ್ಲ ಇದನ್ನು ಹಿಡಿದುಕೊಂಡು ‘ಹೆದರಿಸಿ ಮಾರಿ’ ಎನ್ನುತ್ತಾರೆ. ನಿಮ್ಮ ಸ್ನೇಹಿತರ ಸಲಹೆಯೂ ಅಲ್ಲಿಂದಲೇ ಬಂದಿರುವುದು. ಆದರೆ ರಾತ್ರಿ ನಿಮ್ಮ ಪೋಸ್ಟ್ ನೋಡಿದ ಆ ಬೆಂಗಳೂರಿನವರಿಗೆ ಕಣ್ಣೆದುರು ಕಾಣುವ ನಷ್ಟ ಯಾವುದು? ಮೂವತ್ತು ವರ್ಷದ ಮೇಲೆ ಬರಬಹುದಾದ ಕಾಯಿಲೆಯಲ್ಲ, ಇವತ್ತು ನಿಮಗೆ ಫೋನ್‌ಪೇ ಮಾಡುವ ದುಡ್ಡು. ಆ ನಷ್ಟದ ಭಯ ಇಳಿಸುವ ಮಾತು ನಿಮ್ಮ ಪೋಸ್ಟ್‌ನಲ್ಲಿ ಒಂದೂ ಇಲ್ಲ. ಮೊದಲು ಅದು ಬರಲಿ.

ಹಾಗಾದರೆ ಪದ ಎಲ್ಲಿ ಸಿಗುತ್ತವೆ? ನಿಮ್ಮ ಫೋನಿನಲ್ಲೇ ಇವೆ. ಈಗಾಗಲೇ ಎಣ್ಣೆ ತಗೊಂಡವರು ಕಳಿಸಿದ ಮೆಸೇಜು, ವಾಯ್ಸ್ ನೋಟು ಎಲ್ಲ ಕೂತು ಕೇಳಿ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ತಿದ್ದಬೇಡಿ, ಗ್ರಂಥಸ್ಥ ಕನ್ನಡಕ್ಕೆ ತರಬೇಡಿ. ಯಾರೂ ‘ನಿಮ್ಮ ಉತ್ಪನ್ನವು ಅತ್ಯುತ್ತಮ ಗುಣಮಟ್ಟದ್ದಾಗಿದೆ’ ಎಂದು ಹೇಳಿರುವುದಿಲ್ಲ. ‘ಒಗ್ಗರಣೆ ವಾಸನೆಗೆ ನಮ್ಮನೆಯವರು ಎದ್ದು ಬಂದರು’ ಎಂದಿರುತ್ತಾರೆ. ‘ಚಿತ್ರಾನ್ನಕ್ಕೆ ಇದೇ ಸರಿ’ ಎಂದಿರುತ್ತಾರೆ. ‘ನೊರೆ ಬರ್ತಿದೆಯಲ್ಲಾ, ಏನಾದ್ರೂ ಬೆರೆಸಿದ್ದೀರಾ’ ಎಂದೂ ಕೇಳಿರುತ್ತಾರೆ. ಹೊಗಳಿಕೆಗಿಂತ ಆ ಅನುಮಾನದ ಮಾತುಗಳನ್ನು ಜಾಸ್ತಿ ಜೋಪಾನ ಮಾಡಿ. ಕೊಂಡವರೇ ಅಷ್ಟು ಅನುಮಾನ ಪಟ್ಟರೆ, ಕೊಳ್ಳದೆ ಸುಮ್ಮನೆ ನೋಡಿ ಹೋದವರು ಎಷ್ಟು ಪಟ್ಟಿರಬೇಡ!

ಮನೆಮಾತಿನ ಪದಕ್ಕೆ ಯಾಕೆ ಇಷ್ಟು ಒತ್ತು ಕೊಡುತ್ತಿದ್ದೇನೆ ಅಂದರೆ ಅದಕ್ಕೆ ಕಾರಣವಿದೆ. 2003ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಒಂದು ಪ್ರಯೋಗದ ವರದಿ ಬಂತು. ಅದರಲ್ಲಿ ಭಾಗವಹಿಸಿದವರು ಟರ್ಕಿ ದೇಶದವರು, ಹನ್ನೆರಡು ವರ್ಷ ದಾಟಿದ ಮೇಲೆ ಇಂಗ್ಲಿಷ್ ಕಲಿತವರು. ಅವರ ಬೆರಳ ತುದಿಗೆ ಉಪಕರಣ ಕಟ್ಟಿ, ಕೆಲವು ಪದ ಮತ್ತು ಮಾತುಗಳನ್ನು ಎರಡೂ ಭಾಷೆಯಲ್ಲಿ ಕೊಟ್ಟು, ಚರ್ಮ ಎಷ್ಟು ಬೆವರುತ್ತದೆ ಎಂದು ಅಳೆದರು. ಚಿಕ್ಕಂದಿನಲ್ಲಿ ಬೈಸಿಕೊಳ್ಳುವ ಮಾತಿತ್ತಲ್ಲ, ಅದು ಟರ್ಕಿಷ್‌ನಲ್ಲಿ ಕೇಳಿದಾಗ ಮೈ ಹೆಚ್ಚು ಸ್ಪಂದಿಸಿತು, ಇಂಗ್ಲಿಷ್‌ನಲ್ಲಿ ಅಷ್ಟಿಲ್ಲ. ನಮಗೂ ಹಾಗೇ ಅಲ್ವಾ? ಅಮ್ಮ ಬೈದ ಮಾತು ಬೇರೆ, ಆಫೀಸಿನ ಇಮೇಲ್‌ನಲ್ಲಿ ಬೈದದ್ದು ಬೇರೆ. ನಮ್ಮಲ್ಲಿ ಜಾಹೀರಾತಿನ ಕನ್ನಡ ಮನಸ್ಸಿಗೆ ತಾಗದೇ ಇರುವುದಕ್ಕೆ ಇದೇ ದೊಡ್ಡ ಕಾರಣ ಎಂದು ನನ್ನ ಅನಿಸಿಕೆ. ಮೊದಲು ಇಂಗ್ಲಿಷ್‌ನಲ್ಲಿ ಬರೆದು, ಆಮೇಲೆ ಪದಕ್ಕೆ ಪದ ಇಟ್ಟು ಕನ್ನಡಕ್ಕೆ ತರುತ್ತಾರೆ. ‘ಪ್ರಿಯ ಗ್ರಾಹಕರೇ’ ಎಂದು ಶುರುವಾದರೆ ಅದು ಬ್ಯಾಂಕಿನ ಮೆಸೇಜು ಅನ್ನಿಸುತ್ತದೆ. ಅಡುಗೆಮನೆಗೆ ಬರುವ ವಸ್ತುವಿನ ಬಗ್ಗೆ ಆ ಭಾಷೆಯಲ್ಲಿ ಮಾತಾಡಿದರೆ ಯಾರು ಕಿವಿಗೊಡುತ್ತಾರೆ?

ಮನೆಮಾತು ಅಂದಮೇಲೆ ಯಾರ ಮನೆ ಎಂಬುದೂ ಮುಖ್ಯ. ನಿಮ್ಮ ಕಡೆ ಶೇಂಗಾ ಎನ್ನುವವರೇ ಜಾಸ್ತಿ. ಬೆಂಗಳೂರು, ಮೈಸೂರಿನಲ್ಲಿ ಕಡಲೆಕಾಯಿ. ಕರಾವಳಿಯವರಿಗೆ ನೆಲಗಡಲೆ. ಹುಬ್ಬಳ್ಳಿ ಧಾರವಾಡದ ಗ್ರೂಪಿಗೆ ಹಾಕುವಾಗ ‘ಶೇಂಗಾ ಎಣ್ಣೆ’ ಎಂದೇ ಹಾಕಿ, ಅರ್ಧ ಪರಿಚಯ ಅಲ್ಲೇ ಆಗುತ್ತದೆ. ಹಾಗೆಯೇ ‘ಅಜ್ಜಿಯ ಕಾಲದ ರುಚಿ’ ಎಂಬ ಮಾತು ಚಿತ್ರದುರ್ಗ, ತುಮಕೂರು, ಬಳ್ಳಾರಿ ಕಡೆಯಿಂದ ಬೆಂಗಳೂರಿಗೆ ಬಂದವರಿಗೆ ನಾಟಬಹುದು, ಅವರ ಅಜ್ಜಿ ಅದೇ ಎಣ್ಣೆಯಲ್ಲಿ ಮಾಡಿರುತ್ತಾರೆ. ಉಡುಪಿಯವರ ಅಜ್ಜಿ ತೆಂಗಿನ ಎಣ್ಣೆಯಲ್ಲಿ ಮಾಡಿದ್ದು. ಅವರಿಗೆ ಈ ನೆನಪೇ ಇಲ್ಲ. ಅವರಿಗೆ ನೆನಪಿನ ಮಾತು ಬಿಟ್ಟು ರುಚಿಯ ಮಾತು ಆಡಬೇಕು. ಎಲ್ಲರಿಗೂ ಒಂದೇ ಪೋಸ್ಟ್ ಎನ್ನುವುದು ಇಲ್ಲಿ ಕೈಕೊಡುತ್ತದೆ.

ಕನ್ನಡದಲ್ಲಿ ನಮಗೊಂದು ದೊಡ್ಡ ಅನುಕೂಲ ಇದೆ. ಸದ್ದು, ವಾಸನೆ, ಮುಟ್ಟಿದರೆ ಹೇಗಿದೆ ಎಂಬುದಕ್ಕೆಲ್ಲ ನಮ್ಮಲ್ಲಿ ಸಿದ್ಧ ಪದಗಳಿವೆ. ಗರಿಗರಿ, ಘಮಘಮ, ಚಟಪಟ, ಜಿಡ್ಡುಜಿಡ್ಡು, ಬಿಸಿಬಿಸಿ. ಇವು ಬುದ್ಧಿಗೆ ಹೋಗುವ ಮೊದಲೇ ನಾಲಿಗೆಗೆ ಹೋಗುತ್ತವೆ. ಆದರೆ ಇವನ್ನೂ ಕೈಬಿಚ್ಚಿ ಸುರಿದರೆ ಕೆಟ್ಟುಹೋಗುತ್ತವೆ. ‘ಘಮಘಮಿಸುವ, ಗರಿಗರಿಯಾದ, ರುಚಿರುಚಿಯಾದ’ ಎಂದು ಮೂರು ಒಟ್ಟಿಗೆ ಬಂದರೆ ಮದುವೆ ಊಟದ ಕರಪತ್ರದ ಹಾಗೆ ಕಾಣುತ್ತದೆ. ಒಂದು ಪೋಸ್ಟಿಗೆ ಒಂದು ಸಾಕು. ಇನ್ನೂ ಒಳ್ಳೆಯದು ಅಂದರೆ ಆ ಪದವನ್ನೂ ಬಿಟ್ಟು, ಆ ಕ್ಷಣವನ್ನೇ ತೋರಿಸುವುದು. ‘ರುಚಿಕರ’ ಎಂದರೆ ಏನೂ ಕಾಣುವುದಿಲ್ಲ. ‘ಸಾಸಿವೆ ಸಿಡಿಯುವ ಮೊದಲೇ ವಾಸನೆ ಬಂತು’ ಎಂದರೆ ಬಾಣಲೆ ಕಾಣುತ್ತದೆ, ಒಲೆ ಕಾಣುತ್ತದೆ.

ಈಗ ನಿಮ್ಮ ಪೋಸ್ಟನ್ನೇ ತೆಗೆದುಕೊಂಡು ಬದಲಾಯಿಸೋಣ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

“ಒಗ್ಗರಣೆ ಹಾಕಿದ್ರೆ ಹಾಲ್‌ನಲ್ಲಿ ಕೂತವರು ‘ಏನ್ ಮಾಡ್ತಿದೀಯಾ’ ಅಂತ ಕೇಳ್ತಾರೆ. ಕಡಲೆಕಾಯಿ ಎಣ್ಣೆ ಅಂದ್ಮೇಲೆ ಕಡಲೆಕಾಯಿ ವಾಸನೆ ಇರಬೇಕು. ಇದರಲ್ಲಿ ಇದೆ.

ಚಳ್ಳಕೆರೆ ಸುತ್ತಮುತ್ತಲಿನ ಹೊಲದ ಬೀಜ. ಬೂಸ್ಟು ಹಿಡಿದದ್ದು, ಮುರುಟಿದ್ದು ಎಲ್ಲಾ ಕೈಯಲ್ಲೇ ಆರಿಸಿ ತೆಗೀತೀವಿ. ಒಂದು ಲೀಟರ್ ಎಣ್ಣೆಗೆ ಎರಡೂಕಾಲು ಕಿಲೋ ಬೀಜ ಹೋಗುತ್ತೆ. ರೇಟು ಜಾಸ್ತಿ ಅನ್ಸೋದು ಅದಕ್ಕೇ.

ತಳದಲ್ಲಿ ಸ್ವಲ್ಪ ಮಡ್ಡಿ ಕಾಣುತ್ತೆ. ಕರಿಯುವಾಗ ಮೊದಲಿಗೆ ನೊರೆ ಬರಬಹುದು. ಗಾಬರಿ ಬೇಡ, ರಿಫೈನ್ ಮಾಡದ ಎಣ್ಣೆಯಲ್ಲಿ ಹೀಗಾಗುತ್ತೆ.

ಮೊದಲು ಕಾಲು ಲೀಟರ್ ತಗೊಂಡು ನೋಡಿ. ದಾರೀಲಿ ಸೋರಿದ್ರೆ ಫೋಟೊ ಹಾಕಿ, ಬೇರೆ ಡಬ್ಬಿ ಕಳಿಸ್ತೀವಿ.”

ಇದರಲ್ಲಿ ಶುದ್ಧ ಇಲ್ಲ, ಆರೋಗ್ಯ ಇಲ್ಲ, ಅತ್ಯುತ್ತಮ ಇಲ್ಲ. ಆದರೂ ಓದಿದವರಿಗೆ ಇವರು ಸಾಚಾ ಜನ ಎಂದು ಅನ್ನಿಸುತ್ತದೆ. ‘ಆರಿಸಿ ತೆಗೀತೀವಿ’ ಎಂಬ ಮಾತಿನಲ್ಲಿ ಒಬ್ಬರು ಕೂತು ಕೆಲಸ ಮಾಡುವುದು ಕಾಣುತ್ತದೆ. ‘ಎರಡೂಕಾಲು ಕಿಲೋ’ ಎಂಬ ಅಂಕಿ ಒಣ ಲೆಕ್ಕವಾಗಿ ಉಳಿಯುವುದಿಲ್ಲ. ಓದುವವರು ಮನಸ್ಸಿನಲ್ಲೇ ಬೀಜದ ರೇಟು ಗುಣಿಸಿ ‘ಓ, ಹಾಗಾದರೆ ಸರಿ’ ಎನ್ನುತ್ತಾರೆ. ಆ ‘ಹಾಗಾದರೆ ಸರಿ’ ಬರಬೇಕು, ಅದೂ ಭಾವನೆಯೇ. ಬೀಜದಲ್ಲಿ ಅರ್ಧದ ಹತ್ತಿರ ಎಣ್ಣೆ ಇದ್ದರೂ ಮರದ ಗಾಣ ಅಷ್ಟನ್ನೂ ತೆಗೆಯುವುದಿಲ್ಲ, ಹಿಂಡಿಯಲ್ಲಿ ಸ್ವಲ್ಪ ಉಳಿಯುತ್ತದೆ. ಹಾಗಾಗಿ ನಿಮ್ಮ ಗಾಣದ ಲೆಕ್ಕ ನೀವೇ ತೂಗಿ ನೋಡಿ, ಬಂದ ಅಂಕಿಯನ್ನೇ ಹಾಕಿ. ನನ್ನದನ್ನು ನಕಲು ಮಾಡಬೇಡಿ.

ಬೂಸ್ಟಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕಡಲೆಕಾಯಿ ಸರಿಯಾಗಿ ಒಣಗದೆ ಬೂಸ್ಟು ಹಿಡಿದರೆ ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಸೇರಿಕೊಳ್ಳಬಹುದು. ರಿಫೈನ್ ಮಾಡುವಾಗ ಅದು ಬಹುಮಟ್ಟಿಗೆ ಹೋಗುತ್ತದೆ. ಗಾಣದ ಎಣ್ಣೆಯಲ್ಲಿ ಆ ಹಂತವೇ ಇಲ್ಲ. ಅಂದರೆ ನೀವು ಬೀಜ ಒಣಗಿಸುವುದು, ಆರಿಸುವುದು ಇದೆಯಲ್ಲ, ಅದೇ ನಿಮ್ಮ ಎಣ್ಣೆಯ ಕಾವಲು. ‘ನೈಸರ್ಗಿಕ’ ಎಂಬ ಪದ ಈ ಕೆಲಸವನ್ನು ಮುಚ್ಚಿಹಾಕುತ್ತದೆ. ಅದನ್ನೇ ವಿವರವಾಗಿ ಬರೆದರೆ, ಒಂದು ಚಿಕ್ಕ ವಿಡಿಯೊ ಹಾಕಿದರೆ, ಮಕ್ಕಳಿರುವ ಮನೆಯವರು ನಿಮ್ಮನ್ನು ಬಿಟ್ಟು ಹೋಗುವುದಿಲ್ಲ. ಆದರೆ ನಿಜವಾಗಲೂ ಆರಿಸುತ್ತಿದ್ದರೆ ಮಾತ್ರ ಬರೆಯಿರಿ. ಇಲ್ಲದಿದ್ದರೆ ಮೊದಲು ಆ ಕೆಲಸ ಶುರು ಮಾಡಿ, ಆಮೇಲೆ ಪೋಸ್ಟ್.

ಮಡ್ಡಿ, ನೊರೆಯ ಮಾತನ್ನು ನಾವೇ ಯಾಕೆ ಎತ್ತಬೇಕು ಎಂದು ನಿಮಗೆ ಅನ್ನಿಸಬಹುದು. ನೀವು ಎತ್ತದಿದ್ದರೂ ಡಬ್ಬಿ ಎತ್ತುತ್ತದೆ. ಮನೆಗೆ ಬಂದ ಮೇಲೆ ಕಂಡರೆ ಅದು ದೂರು. ಮೊದಲೇ ಹೇಳಿದ್ದರೆ ಅದೇ ಗುರುತು. ‘ಅವರು ಹೇಳಿದ ಹಾಗೇ ಇದೆ’ ಎನ್ನುವ ಒಂದು ಸಮಾಧಾನಕ್ಕೆ ಎಷ್ಟು ‘ಅತ್ಯುತ್ತಮ’ ಸೇರಿಸಿದರೂ ಸಮ ಬರುವುದಿಲ್ಲ.

ಇನ್ನು ‘ರಿಫೈನ್ಡ್ ಎಣ್ಣೆ ವಿಷ’ ಎಂಬ ಮಾತಿಗೆ ಬರೋಣ. ದಯವಿಟ್ಟು ಅದನ್ನು ಬರೆಯಬೇಡಿ. ಇದರ ಬಗ್ಗೆ ನನಗೆ ಬಲವಾದ ಅಭಿಪ್ರಾಯವಿದೆ. ನಿಮ್ಮ ಪೋಸ್ಟ್ ಓದುವವರ ಮನೆಯಲ್ಲಿ ಈಗ ಇರುವುದು ಆ ಎಣ್ಣೆಯೇ. ಇಷ್ಟು ವರ್ಷ ಮಕ್ಕಳಿಗೆ ಅದರಲ್ಲೇ ಮಾಡಿ ಬಡಿಸಿದ್ದಾರೆ. ದುಬಾರಿ ಎಣ್ಣೆ ತರುವ ಶಕ್ತಿ ಇಲ್ಲದವರೂ ಅದನ್ನು ಓದುತ್ತಾರೆ. ಅವರಿಗೆ ‘ನೀವು ವಿಷ ಹಾಕಿದಿರಿ’ ಎಂದು ಹೇಳಿ ನಾವು ಏನು ಗಳಿಸಿದ ಹಾಗಾಯಿತು? ಅದು ನಿಜವೂ ಅಲ್ಲ. ಕಾನೂನೂ ಒಪ್ಪುವುದಿಲ್ಲ. ಆಹಾರದ ಜಾಹೀರಾತಿಗೆ ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ, 2018ರಲ್ಲಿ ಮಾಡಿದ ನಿಯಮಗಳಿವೆ. ಬೇರೆ ತಯಾರಕರ ಪದಾರ್ಥವನ್ನು ಕೀಳು ಮಾಡಿ ನಮ್ಮದನ್ನು ಮಾರುವಂತಿಲ್ಲ ಎಂದು ಅದರಲ್ಲೇ ಇದೆ. ‘ಶುದ್ಧ’, ‘ನೈಸರ್ಗಿಕ’, ‘ಸಾಂಪ್ರದಾಯಿಕ’, ‘ಅಸಲಿ’ ಮುಂತಾದ ಪದಗಳನ್ನು ಯಾವಾಗ ಬಳಸಬಹುದು ಎಂಬುದಕ್ಕೂ ಅಲ್ಲೇ ಷರತ್ತುಗಳಿವೆ. ‘ಶುದ್ಧ’ ಎನ್ನಬೇಕಾದರೆ ಒಂದೇ ಪದಾರ್ಥ ಇರಬೇಕು, ಏನನ್ನೂ ಸೇರಿಸಿರಬಾರದು. ‘ಸಾಂಪ್ರದಾಯಿಕ’ ಎನ್ನಬೇಕಾದರೆ ಆ ವಿಧಾನ ತಲೆಮಾರುಗಳಿಂದ ಹೆಚ್ಚೇನೂ ಬದಲಾಗದೆ ಬಂದಿರಬೇಕು. ‘100%’ ಎಂಬುದನ್ನು ಲೇಬಲ್, ಜಾಹೀರಾತಿನಲ್ಲಿ ಹಾಕಬೇಡಿ ಎಂದು 2025ರ ಮೇ ತಿಂಗಳಲ್ಲಿ ಅದೇ ಪ್ರಾಧಿಕಾರ ಸಲಹೆ ಕೊಟ್ಟಿದೆ. ಅಡುಗೆ ಎಣ್ಣೆಗಂತೂ ಬೇರೆಯೇ ಒಂದು ನಿಯಮವಿದೆ. ಕೊಲೆಸ್ಟ್ರಾಲ್ ವಿರುದ್ಧ ಹೋರಾಡುತ್ತದೆ, ಹೃದಯಕ್ಕೆ ಹಿತ, ಇಂಥ ಮಾತು ಎಣ್ಣೆಯ ಡಬ್ಬಿಯ ಮೇಲೂ ಜಾಹೀರಾತಿನಲ್ಲೂ ಬರುವಂತಿಲ್ಲ. ‘ಕೊಲೆಸ್ಟ್ರಾಲ್ ಇಲ್ಲ’ ಎಂದು ಹೆಮ್ಮೆಯಿಂದ ಹಾಕುವವರನ್ನು ನೋಡಿರುತ್ತೀರಿ. ಗಿಡದಿಂದ ಬಂದ ಯಾವ ಎಣ್ಣೆಯಲ್ಲೂ ಹೇಳಿಕೊಳ್ಳುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ, ರಿಫೈನ್ಡ್ ಎಣ್ಣೆಯಲ್ಲೂ ಅಷ್ಟೇ. ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ, ಮಂಡಿನೋವು ಹೋಗುತ್ತದೆ ಎಂಬ ಕಡೆಗೆ ಹೋಗಲೇಬೇಡಿ. ನಾವು ಸಣ್ಣವರು, ನಮ್ಮನ್ನು ಯಾರು ಕೇಳುತ್ತಾರೆ ಎಂದುಕೊಳ್ಳಬೇಡಿ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಲು ಅವಕಾಶವಿದೆ.

‘ಮಕ್ಕಳ ಮೇಲೆ ಪ್ರೀತಿ ಇದ್ದರೆ ಈ ಎಣ್ಣೆ ಬಳಸಿ’ ಎಂಬ ಧಾಟಿಯೂ ಬೇಡ. ತಾಯಂದಿರ ಮನಸ್ಸಿನಲ್ಲಿ ತಪ್ಪಿತಸ್ಥ ಭಾವ ಹುಟ್ಟಿಸಿ ಮಾರುವುದು ತುಂಬಾ ಸುಲಭ. ಸುಲಭ ಎಂಬ ಕಾರಣಕ್ಕೇ ಎಲ್ಲರೂ ಅದನ್ನು ಮಾಡುತ್ತಾರೆ. ಆ ದಿನ ಒಂದು ಡಬ್ಬಿ ಹೋಗಬಹುದು. ಆದರೆ ನಿಮ್ಮ ಹೆಸರು ಕಂಡಾಗಲೆಲ್ಲ ಅವರಿಗೆ ಏನೋ ಕಸಿವಿಸಿ ಆಗುತ್ತದೆ, ಯಾಕೆಂದು ಅವರಿಗೂ ಗೊತ್ತಾಗುವುದಿಲ್ಲ. ಎಣ್ಣೆ ತಿಂಗಳು ತಿಂಗಳೂ ಬೇಕಾದ ವಸ್ತು. ಒಂದು ಸಲದ ವ್ಯಾಪಾರಕ್ಕೆ ಬರೆಯುವ ಭಾಷೆ ಇಲ್ಲಿ ಹೊಂದುವುದಿಲ್ಲ. ಮತ್ತೆ ಈಗ ಮನೆಗೆ ಎಣ್ಣೆ ತರುವವರು, ಅಡುಗೆ ಮಾಡುವವರು ಗಂಡಸರೂ ಇದ್ದಾರಲ್ಲ. ಎಲ್ಲರಿಗೂ ‘ನೀವು’ ಎಂದೇ ಬರೆಯಿರಿ. ಫೋನಿನಲ್ಲಿ ಮಾತಾಡುವಾಗ ಅಕ್ಕ, ಅಣ್ಣ, ಅಮ್ಮ ಎಂದು ಸಹಜವಾಗಿ ಬಂದರೆ ಬರಲಿ.

ಪದಕ್ಕೆ ಎಷ್ಟು ಶಕ್ತಿ ಇದೆ, ಎಲ್ಲಿ ಅದು ಮುಗಿಯುತ್ತದೆ ಎಂಬುದಕ್ಕೆ ಒಂದು ಹಳೆಯ ಪ್ರಯೋಗ ಹೇಳುತ್ತೇನೆ. 1988ರಲ್ಲಿ ಅಮೆರಿಕದ ಲೆವಿನ್ ಮತ್ತು ಗೇತ್ ಎಂಬ ಸಂಶೋಧಕರು ಒಂದೇ ಮಾಂಸಕ್ಕೆ ಎರಡು ರೀತಿಯ ಚೀಟಿ ಅಂಟಿಸಿದರು. ಒಂದರಲ್ಲಿ ‘75% ಕೊಬ್ಬಿಲ್ಲದ ಮಾಂಸ’, ಇನ್ನೊಂದರಲ್ಲಿ ‘25% ಕೊಬ್ಬು’. ಲೆಕ್ಕ ಒಂದೇ. ಆದರೂ ಮೊದಲ ಚೀಟಿ ನೋಡಿದವರು ಅದನ್ನು ಜಾಸ್ತಿ ಮೆಚ್ಚಿದರು. ಆಮೇಲೆ ತಿಂದು ನೋಡಿದವರಲ್ಲಿ ಆ ವ್ಯತ್ಯಾಸ ಕಮ್ಮಿಯಾಯಿತು. ನಿಮಗೆ ಇದು ನೇರವಾಗಿ ಅನ್ವಯಿಸುತ್ತದೆ. ನಿಮ್ಮ ಮಾತು ಮಾರುವುದು ಮೊದಲ ಕಾಲು ಲೀಟರನ್ನು ಮಾತ್ರ. ಎರಡನೇ ಡಬ್ಬಿಯನ್ನು ಎಣ್ಣೆಯೇ ಮಾರಬೇಕು. ಹಾಗಾಗಿ ಮಾತು ಎಣ್ಣೆಗಿಂತ ಮುಂದೆ ಓಡಬಾರದು. ಪೋಸ್ಟಿನಲ್ಲಿ ‘ಮೊದಲು ಕಾಲು ಲೀಟರ್ ತಗೊಂಡು ನೋಡಿ’ ಎಂದು ಬರೆದದ್ದೂ ಇದಕ್ಕೇ.

‘ಕೊನೆಯ ಅವಕಾಶ’, ‘ಸೀಮಿತ ಸ್ಟಾಕ್’ ವಿಷಯ ಬೇಗ ಮುಗಿಸುತ್ತೇನೆ. ಸುಳ್ಳು ಅವಸರ ಹುಟ್ಟಿಸುವುದನ್ನು 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿ ನಿಷೇಧಿಸಿದೆ. ಅದರಲ್ಲಿ ಹೀಗೆ ಗ್ರಾಹಕರನ್ನು ಮರುಳು ಮಾಡುವ 13 ತಂತ್ರಗಳ ಹೆಸರಿದೆ. ನಿಮಗಂತೂ ಸುಳ್ಳು ಹೇಳುವ ಅಗತ್ಯವೇ ಇಲ್ಲ, ಯಾಕೆಂದರೆ ಗಾಣದಿಂದ ದಿನಕ್ಕೆ ಬರುವುದೇ ಇಷ್ಟು ಎಂದು ಮಿತಿ ಇದೆ. ‘ಈ ವಾರ ಆಡಿಸಿದ್ದು ಇಷ್ಟು ಲೀಟರ್. ಮಡ್ಡಿ ಇಳಿಯೋಕೆ ಬಿಟ್ಟಿದ್ದೀವಿ. ಶುಕ್ರವಾರ ಡಬ್ಬಿ ತುಂಬ್ತೀವಿ, ಬೇಕಾದವರು ಗುರುವಾರದೊಳಗೆ ಹೇಳಿ’ ಎಂದು ಹಾಕಿ. ಇದೂ ಅವಸರ ಮಾಡಿಸುತ್ತದೆ. ಆದರೆ ಕಾರಣ ಕಾಣುತ್ತದೆ, ಅದಕ್ಕೇ ಯಾರಿಗೂ ಕಿರಿಕಿರಿ ಆಗುವುದಿಲ್ಲ.

ಕೊನೆಗೆ, ನನ್ನ ಮಾತನ್ನೂ ಹಾಗೇ ನಂಬಬೇಡಿ, ಮಾಡಿ ನೋಡಿ. ನಿಮ್ಮ ಬ್ರಾಡ್‌ಕಾಸ್ಟ್ ಲಿಸ್ಟನ್ನು ಎರಡು ಪಾಲು ಮಾಡಿ. ಒಂದಕ್ಕೆ ಹಳೆಯ ಪೋಸ್ಟ್, ಇನ್ನೊಂದಕ್ಕೆ ಹೊಸದು, ಒಂದೇ ದಿನ, ಒಂದೇ ಹೊತ್ತಿಗೆ, ಒಂದೇ ಫೋಟೊ ಜೊತೆ ಕಳಿಸಿ. ಲೈಕು, ಹಾರ್ಟು ಎಣಿಸಬೇಡಿ. ಎಷ್ಟು ಜನ ತಿರುಗಿ ಬರೆದರು, ಏನು ಕೇಳಿದರು ಎಂದು ನೋಡಿ. ಹಳೆಯದಕ್ಕೆ ‘ರೇಟ್ ಎಷ್ಟು’ ಎಂಬ ಪ್ರಶ್ನೆಯೇ ಜಾಸ್ತಿ ಬರುತ್ತದೆ ಎಂದು ನನ್ನ ಊಹೆ. ಹೊಸದಕ್ಕೆ ‘ಕಾಲು ಲೀಟರ್ ಯಾವಾಗ ಕಳಿಸ್ತೀರಾ’, ‘ಮಡ್ಡಿ ಸೋಸಬೇಕಾ, ಹಾಗೇ ಬಳಸಬಹುದಾ’ ಎಂಬ ಪ್ರಶ್ನೆ ಬಂದರೆ ಮಾತು ಸರಿಯಾದ ಕಡೆ ತಾಗಿದೆ ಎಂದರ್ಥ. ಆ ಪ್ರಶ್ನೆಗಳನ್ನೂ ಅದೇ ನೋಟ್‌ಬುಕ್ಕಿಗೆ ಸೇರಿಸಿ, ಮುಂದಿನ ವಾರದ ಪೋಸ್ಟ್‌ನ ಮೊದಲ ಸಾಲು ಅದರಲ್ಲೇ ಸಿಗುತ್ತದೆ.